ಚೆಂಡುಹೂವಿನ ಶೆಡ್ಡಿನಲ್ಲಿ ಮೈಕ್ರೋಸ್ಕೋಪು

ಗರ್ಭಿಣಿಯರ ತಪಾಸಣೆಯ ದಿನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದೊಳಗೆ ಗಂಡಸರು ಕಾಲಿಡುವುದು ಅಪರೂಪ. ಹೆಂಡತಿಯನ್ನು ಬಾಗಿಲಲ್ಲಿ ಇಳಿಸಿ ಬೈಕಿನ ಮೇಲೆಯೇ ಕುಳಿತು ಮೊಬೈಲು ನೋಡುತ್ತಿರುತ್ತಾರೆ. ಆ ದಿನ ಮಾತ್ರ ಐದು ತಿಂಗಳ ಬಸುರಿಯೊಬ್ಬಳು ಗಂಡನ ರಟ್ಟೆ ಹಿಡಿದು, ಸರದಿಯಲ್ಲಿದ್ದ ಹೆಂಗಸರ ನಡುವೆಯೇ ಎಳೆದುಕೊಂಡು ಬಂದು, ನನ್ನೆದುರಿನ ಸ್ಟೂಲಿನ ಮೇಲೆ ಕೂರಿಸಿದಳು.

“ನನ್ನ ಆಮೇಕ ನೋಡೀರಂತ ಮೇಡಂ. ಮೊದ್ಲು ಈವಪ್ಪನ್ನ ನೋಡಿ. ಮೂರೊತ್ತೂ ಮಲಗೇ ಇರ್ತದ. ಸೋಂಬೇರಿ ಆಗ್ಬುಟ್ಟದ.”

“ಸೋಂಬೇರಿ ಅಲ್ಲ ಕಣಮ್ಮಿ, ಉಸ್ರು ಸಾಲಲ್ಲ” ಎಂದು ಅವನು ನಕ್ಕ. ನಕ್ಕ ಮೇಲೆ ಒಮ್ಮೆ ತಡೆದು ಉಸಿರೆಳೆದುಕೊಂಡ.

ನಮ್ಮ ಕೇಂದ್ರ ಇರುವುದು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಬದಿಯಲ್ಲಿ. ಸುತ್ತ ಬಾಳೆ, ಅರಿಸಿನ, ಮಳೆಗಾಲದಲ್ಲಿ ಎಕರೆಗಟ್ಟಲೆ ಚೆಂಡುಹೂವು. ಈ ಮನುಷ್ಯನ ಕೆಲಸ ಕೇರಳಕ್ಕೆ ಹೋಗುವ ಲಾರಿಗಳಿಗೆ ಬಾಳೆಗೊನೆ ತುಂಬುವುದು. ಲೋಡಿಲ್ಲದ ದಿನ ಹೆಂಡತಿಯ ಜೊತೆ ಹೂವಿನ ಹೊಲದಲ್ಲಿ ಕೂಲಿ. ಹಿಂದೆ ಎರಡು ಹೆಗಲಿಗೂ ಒಂದೊಂದು ಗೊನೆ ಹಾಕಿಕೊಂಡು ಓಡುತ್ತಿದ್ದವನು ಈಗ ಒಂದು ಗೊನೆ ಹೊತ್ತರೆ ಲಾರಿಯ ಚಕ್ರಕ್ಕೆ ಒರಗಿ ಕೂರುತ್ತಿದ್ದನಂತೆ. ಜೊತೆಯ ಆಳುಗಳು ಅವನಿಗೆ ‘ಹಳೇ ಡೀಸೆಲ್ ಗಾಡಿ’ ಎಂದು ಹೆಸರಿಟ್ಟಿದ್ದರು. ಏರು ಬಂದರೆ ಗೂಂ ಅಂತ ಸದ್ದು ಬರುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ ಅಂತ.

ನಾನು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಿರಬೇಕಾದ ಜಾಗ ಕಾಗದದಂತಿತ್ತು. ಉಗುರುಗಳು ನಡುವೆ ಕುಸಿದು ಚಮಚದ ಆಕಾರ ತಳೆದಿದ್ದವು. ಮೊಣಕಾಲಿನ ಕೆಳಗೆ ಕುಡುಗೋಲು ತಾಗಿದ ಗಾಯವೊಂದು ಕೀವಾಗಿತ್ತು. ಲ್ಯಾಬ್ ಟೆಕ್ನಿಷಿಯನ್ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದರು, ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಬೆರಳು ಚುಚ್ಚಿದರು. ಎರಡು ಸಲವೂ ಆರರ ಆಸುಪಾಸು. ಗಟ್ಟಿಮುಟ್ಟಾದ ಗಂಡಸಿಗೆ ಹದಿಮೂರಾದರೂ ಇರಬೇಕು.

ಹೆಂಡತಿಯದು ಎಂಟಕ್ಕಿಂತ ಸ್ವಲ್ಪ ಕಡಿಮೆ. ಎರಡು ತಿಂಗಳಿಂದ ಕಬ್ಬಿಣದ ಮಾತ್ರೆ ಕೊಡುತ್ತಿದ್ದರೂ ಏರಿರಲಿಲ್ಲ, ಇಳಿದಿತ್ತು. ನಮ್ಮ ನರ್ಸ್ ಕೇಳಿಯೇ ಬಿಟ್ಟರು, “ಮಾತ್ರೆ ನೀನು ನುಂಗ್ತಿದ್ದೀಯೋ, ಕೋಳಿಗೆ ಹಾಕ್ತಿದ್ದೀಯೋ?”

“ಅಯ್ಯೋ ಸಿಸ್ಟರ್, ಬೆಳಿಗ್ಗ ಓದ್ರ ಟಾರ್ ರೋಡಂಗ ಕರ್ರಗ ಓಯ್ತದ. ಬೇಕಾರ ಬಂದು ನೋಡಿ.”

ಸರದಿಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕಬ್ಬಿಣದ ಮಾತ್ರೆ ನುಂಗುವವರ ಮಲ ಕಪ್ಪಾಗುತ್ತದೆ. ಮಾತ್ರೆ ಒಳಗೆ ಹೋಗುತ್ತಿತ್ತು, ರಕ್ತ ಮಾತ್ರ ಆಗುತ್ತಿರಲಿಲ್ಲ.

ಹೆಂಗಸರಿಗೆ ರಕ್ತ ಕಡಿಮೆ ಎಂದರೆ ನಮ್ಮಲ್ಲಿ ಕಾರಣಗಳ ಬರವಿಲ್ಲ. ಮುಟ್ಟು, ಬಸಿರು, ಬಾಣಂತನ, ಎಲ್ಲರೂ ಉಂಡ ಮೇಲೆ ಉಣ್ಣುವ ಅಭ್ಯಾಸ. ಅವುಗಳಲ್ಲಿ ಒಂದನ್ನು ಬರೆದು ಮಾತ್ರೆ ಕೊಟ್ಟು ಕಳಿಸಬಹುದು. ಎದುರು ಕುಳಿತಿದ್ದ ಗಂಡಸಿಗೆ ಅದ್ಯಾವುದೂ ಹೊಂದುತ್ತಿರಲಿಲ್ಲ. ಗಂಡಸಿನ ಮೈಯಿಂದ ಇಷ್ಟು ರಕ್ತ ಹೋಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಹೊಟ್ಟೆಯ ಹುಣ್ಣೋ, ಮೂಲವ್ಯಾಧಿಯೋ, ಇನ್ನೂ ಕೆಟ್ಟದ್ದೋ. ಅವತ್ತೇ ಚಾಮರಾಜನಗರದ ದೊಡ್ಡ ಆಸ್ಪತ್ರೆಗೆ ಕಳಿಸಿದೆ.

ಅಲ್ಲಿ ಅವನನ್ನು ಚೆನ್ನಾಗಿಯೇ ನೋಡಿದರು. ಗಂಟಲಿನಿಂದ ಕ್ಯಾಮೆರಾ ಇಳಿಸಿದರು; ಹುಣ್ಣಿಲ್ಲ, ಗಡ್ಡೆಯಿಲ್ಲ. ಒಂದು ಬಾಟಲಿ ರಕ್ತ ಹಾಕಿ, ಗಾಯಕ್ಕೆ ಔಷಧಿ ಕೊಟ್ಟು, ಕಬ್ಬಿಣದ ಮಾತ್ರೆಯ ಜೊತೆ ಕಳಿಸಿದರು. ಊರಿಗೆ ಬಂದವನು ಒಂದು ವಾರ ಹುಲಿಯಂತೆ ಓಡಾಡಿದ. ಮೂರನೆಯ ವಾರಕ್ಕೆ ಮತ್ತೆ ಲಾರಿ ಚಕ್ರಕ್ಕೆ ಒರಗಿದ. ಹಿಮೋಗ್ಲೋಬಿನ್ ಮತ್ತೆ ಕೆಳಗಿಳಿದಿತ್ತು.

ಅವನು ತಂದ ವರದಿಗಳಲ್ಲಿ ಒಂದು ನನ್ನ ತಲೆ ಕೆಡಿಸಿತು. ರಕ್ತ ಹಾಕುವ ಮುಂಚೆ ಮಾಡಿದ್ದ ಫೆರಿಟಿನ್ ಪರೀಕ್ಷೆ ಸರಿಯಾಗಿದೆ ಎಂದಿತ್ತು. ಫೆರಿಟಿನ್ ಎಂದರೆ ದೇಹ ಕಬ್ಬಿಣವನ್ನು ತುಂಬಿಡುವ ಕಣಜ ಎನ್ನಬಹುದು. ಕಣಜ ತುಂಬಿದ್ದರೆ ರಕ್ತಕ್ಕೇಕೆ ಬರಗಾಲ? ಕಬ್ಬಿಣದ ಕೊರತೆಯೇ ಅಲ್ಲವೇನೋ, ಬೇರಾವುದೋ ರಕ್ತದ ಕಾಯಿಲೆಯೇನೋ ಎಂದು ಎರಡು ದಿನ ಪುಸ್ತಕ ತಿರುವಿದೆ. ಕೊನೆಗೆ ಮೈಸೂರಿನಲ್ಲಿ ನನಗೆ ಪಾಠ ಮಾಡಿದ್ದ ಹಿರಿಯ ವೈದ್ಯರಿಗೆ ಫೋನು ಮಾಡಿದೆ.

“ಆ ಹೊತ್ತಿಗೆ ಅವನಿಗೆ ಜ್ವರ, ಕೀವು ಏನಾದ್ರೂ ಇತ್ತೇನಮ್ಮಾ?” ಎಂದರು.

“ಕಾಲಲ್ಲಿ ಕೀವಿತ್ತು ಸರ್.”

“ಮತ್ತೆ? ಆ ನಂಬರನ್ನ ಪಕ್ಕಕ್ಕಿಡು. ಸ್ಮಿಯರ್ ನೋಡು.”

ಅವರು ಹೇಳಿದ್ದು ಇಷ್ಟು: ಮೈಯಲ್ಲಿ ಸೋಂಕಿದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಟ್ಟು ಕಬ್ಬಿಣ ಓಡಾಡುವ ಬಾಗಿಲುಗಳನ್ನೆಲ್ಲ ಮುಚ್ಚಿಸುತ್ತದೆ. ಕಳ್ಳರು ಬಂದರೆಂದು ಗೊತ್ತಾದರೆ ಊರವರು ರಾಗಿ ಕಣಜಕ್ಕೆ ಬೀಗ ಹಾಕುವ ಹಾಗೆ, ರೋಗಾಣುಗಳಿಗೆ ಕಬ್ಬಿಣ ಸಿಗದಿರಲಿ ಎಂಬ ಏರ್ಪಾಡು. ಅಂಥ ಸಮಯದಲ್ಲಿ ಫೆರಿಟಿನ್ ತಾನಾಗಿಯೇ ಏರುತ್ತದೆ. ಖಾಲಿ ಕಣಜವೂ ತುಂಬಿದಂತೆ ಕಾಣುತ್ತದೆ.

ಟೆಕ್ನಿಷಿಯನ್ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನನ್ನನ್ನು ಕರೆದರು. ಇವರು ಹರದನಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವವರು. ಸ್ಲೈಡು ನೋಡುವಾಗ ಸಣ್ಣಗೆ ಹಳೆಯ ಸಿನಿಮಾ ಹಾಡು ಗುನುಗುವವರು. ಅವತ್ತು ಹಾಡು ನಿಂತಿತ್ತು. ಕೆಂಪುಕಣಗಳು ಪುಟ್ಟದಾಗಿ, ನಡುವೆ ಬಣ್ಣವಿಲ್ಲದೆ, ಚೆಲ್ಲಿದ ಬಳೆಗಳ ಹಾಗೆ ಬಿದ್ದಿದ್ದವು. ಕಬ್ಬಿಣದ ಕೊರತೆಯ ಅಚ್ಚುಕಟ್ಟಾದ ಚಿತ್ರ. ಅವುಗಳ ನಡುನಡುವೆ ಕಿತ್ತಳೆ ಬಣ್ಣದ ಕಾಳು ತುಂಬಿದ ಬಿಳಿಯ ಕಣಗಳು. ಇಯೋಸಿನೋಫಿಲ್ ಎನ್ನುವ ಇವು ಅಲರ್ಜಿಯಲ್ಲೂ ಹೆಚ್ಚುತ್ತವೆ, ಹೊಟ್ಟೆಹುಳುವಿನಲ್ಲೂ ಹೆಚ್ಚುತ್ತವೆ.

“ಎಲ್ಲ ಕಡೆ ಇವೇ ಮೇಡಂ” ಎಂದರು.

ಮರುದಿನ ಆಶಾ ಕಾರ್ಯಕರ್ತೆಯ ಜೊತೆ ಆ ಗಂಡಹೆಂಡಿರ ಕೇರಿಗೆ ಹೋದೆ. ಕೇರಿಯ ತುದಿಯ ಪೆಟ್ಟಿಗೆ ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳುವಾಗ ಬಳಪದ ಡಬ್ಬಿಗಳ ಸಾಲು ಕಣ್ಣಿಗೆ ಬಿತ್ತು. “ಇಷ್ಟೊಂದು ಬಳಪ ಯಾಕಪ್ಪಾ, ಈಗ ಮಕ್ಕಳು ಸ್ಲೇಟು ಹಿಡೀತಾರಾ?” ಎಂದೆ.

“ಮಕ್ಳು ಯಾರ್ ತಕ್ಕಂಡಾರು ಮೇಡಂ? ಎಂಗಸ್ರು ತಿನ್ನಾಕ. ನಿಮ್ಗೂ ಒಂದು ಕೊಡ್ಲಾ?”

ರಕ್ತದಲ್ಲಿ ಕಬ್ಬಿಣ ಬತ್ತಿದವರಿಗೆ ಮಣ್ಣು, ಸುಣ್ಣ, ಬಳಪ, ಹಸಿ ಅಕ್ಕಿಯ ಮೇಲೆ ಆಸೆ ಹುಟ್ಟುತ್ತದೆ. ಅಂಗಡಿಯವನ ವ್ಯಾಪಾರವೇ ಕೇರಿಯ ರಕ್ತದ ಕಥೆ ಹೇಳುತ್ತಿತ್ತು. ಬಸುರಿಯ ಮನೆಯಲ್ಲಿ ಕೇಳಿದರೆ ಅವಳು ನಾಚಿಕೊಂಡು ಸೆರಗಿನ ಗಂಟಿನಿಂದ ಅರ್ಧ ಬಳಪ ತೆಗೆದು ತೋರಿಸಿದಳು. ಗಂಡ ಮುಖ ಆ ಕಡೆ ತಿರುಗಿಸಿದ. ಅವನ ಜೇಬಿನಲ್ಲೂ ಒಂದಿತ್ತು.

ಆ ಮನೆಯಲ್ಲಿದ್ದವರು ನಾಲ್ವರು: ಗಂಡ, ಹೆಂಡತಿ, ಐದನೇ ತರಗತಿ ಓದುವ ಮಗಳು, ಗಂಡನ ತಾಯಿ. ಎಲ್ಲರ ಬೆರಳನ್ನೂ ಚುಚ್ಚಿದೆವು. ಅತ್ತೆಯದೂ ಒಂಬತ್ತು ದಾಟಲಿಲ್ಲ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಮಗಳದು ಹನ್ನೆರಡರ ಹತ್ತಿರ. ಒಂದೇ ಮಡಕೆಯ ಮುದ್ದೆ, ಒಂದೇ ಸಾರು. ಊಟ ಕಾರಣವಾದರೆ ಮಗುವಿಗೆ ಮೊದಲು ತಾಗಬೇಕಿತ್ತು.

“ನಿನಗೆ ಸ್ಕೂಲಲ್ಲಿ ಹುಳುವಿನ ಮಾತ್ರೆ ಕೊಡ್ತಾರಾ ಪುಟ್ಟಿ?” ಎಂದೆ.

“ಊಂ ಮಿಸ್. ಜಗಿದು ನುಂಗು ಅಂತಾರ. ಚಂದಾಗಿರ್ತದ.”

ಮಕ್ಕಳಿಗೆ ವರ್ಷವರ್ಷವೂ ಸಿಗುತ್ತಿದ್ದ ಮಾತ್ರೆ ದೊಡ್ಡವರಿಗೆ ಸಿಗುತ್ತಿರಲಿಲ್ಲ. ಕೊಕ್ಕೆಹುಳು ಎಂಬ ಅನುಮಾನ ಅಲ್ಲಿ ಗಟ್ಟಿಯಾಯಿತು. ಬರಿಗಾಲಿನ ಚರ್ಮ ತೂರಿ ಒಳಬಂದು, ಕರುಳಿನ ಗೋಡೆಗೆ ಹಲ್ಲೂರಿ, ದಿನವೂ ಇಷ್ಟಿಷ್ಟೇ ರಕ್ತ ಕುಡಿಯುವ ಹುಳು ಅದು. ಒಂದು ಕುಡಿಯುವುದು ಲೆಕ್ಕಕ್ಕಿಲ್ಲದಷ್ಟು. ನೂರಾರು ಸೇರಿದರೆ, ನುಂಗಿದ ಕಬ್ಬಿಣಕ್ಕಿಂತ ಸೋರಿದ ಕಬ್ಬಿಣವೇ ಹೆಚ್ಚು. ಮೊದಲ ಮಳೆಯ ವಾರ ಕಾಲಿನ ಬೆರಳುಸಂದಿಯಲ್ಲಿ ನವೆ ಬರುತ್ತದೆಯೇ ಎಂದು ಕೇಳಿದರೆ ಕೇರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅದು ಬರ್ದೇ ಇರೋರು ಯಾರವ್ರ ಇಲ್ಲಿ!”

ಬಸುರಿಗೂ ಆ ತಿಂಗಳು ಹುಳುವಿನ ಮಾತ್ರೆ ಕೊಡಬೇಕಾದದ್ದೇ. ಆಶಾ ಕಾರ್ಯಕರ್ತೆ ಆಗಲೇ ಕೊಟ್ಟಿದ್ದರು ಕೂಡ. ಅತ್ತೆ ಅದನ್ನು ಸೊಸೆಯ ಕೈಯಿಂದ ಕಿತ್ತು ಸೂರಿನಲ್ಲಿ ಸಿಕ್ಕಿಸಿಟ್ಟಿದ್ದರು.

“ಉಳ ಸಾಯಿಸೋ ಮಾತ್ರ ಒಟ್ಟೇಲಿರೋ ಕೂಸ್ನ ಬುಟ್ಟಾದ?” ಎಂಬುದು ಅವರ ವಾದ. ಮೊದಲ ಮೂರು ತಿಂಗಳು ಕಳೆದಿದೆ, ಈಗ ಭಯವಿಲ್ಲ ಎಂದು ನಾನು ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, “ಮೊದ್ಲು ಉಳ ಅದ ಅಂತ ತೋರ್ಸವ್ವ, ಆಮೇಕ ಮಾತ್ರ ನುಂಗ್ತಾಳ” ಎಂದರು. ಆ ಮಾತು ನನಗೆ ನ್ಯಾಯವಾಗಿಯೇ ಕಂಡಿತು. ಆಗಲಿ ಎಂದೆ.

ಮಲದ ಮಾದರಿ ಕೇಳುವುದು ಇಡೀ ವೈದ್ಯಕೀಯದಲ್ಲೇ ಅತಿ ಕಷ್ಟದ ಕೆಲಸವಿರಬೇಕು. ‘ಮಲಪರೀಕ್ಷೆ’ ಎಂದರೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗುವ ಮಾತಿನಲ್ಲಿ ಹೇಳಿದಾಗ ಎಲ್ಲರೂ ಓಡಿಹೋದರು. ಆಶಾ ಕಾರ್ಯಕರ್ತೆ ಮನೆಮನೆಗೂ ಡಬ್ಬಿ ಕೊಟ್ಟು, ಕಡಲೆಬೀಜದಷ್ಟು ಸಾಕು ಎಂದು ಹೇಳಿ ಬಂದರು. ಒಬ್ಬರು ಅದನ್ನು ಮಲ್ಲಿಗೆ ಹೂವಿನ ಕವರಿನಲ್ಲಿ ಸುತ್ತಿ ತಂದರು. ಒಬ್ಬ ಯಜಮಾನರು ಡಬ್ಬಿ ಮುಚ್ಚಳ ಹಾಕಲಾಗದಷ್ಟು ತುಂಬಿಸಿಕೊಂಡು ಬಂದು, “ಕಮ್ಮಿ ಬಿದ್ದಾತು ಅಂತ ಒಸಿ ಜಾಸ್ತೀನೇ ತಂದಿವ್ನಿ” ಎಂದರು. ಟೆಕ್ನಿಷಿಯನ್ ಎರಡೂ ಕೈ ಜೋಡಿಸಿ ಅದನ್ನು ಸ್ವೀಕರಿಸಿದರು.

ನಮ್ಮಲ್ಲಿ ಅವತ್ತು ಗರ್ಭಿಣಿಯರ ರಕ್ತಪರೀಕ್ಷೆಯ ಗದ್ದಲ. ಹಾಗಾಗಿ ಮಾದರಿಗಳನ್ನು ಮಧ್ಯಾಹ್ನದ ಬಸ್ಸಿನಲ್ಲಿ ನಗರದ ಲ್ಯಾಬಿಗೆ ಕಳಿಸಿದೆವು. ಅಲ್ಲಿ ಸ್ಲೈಡು ಮಾಡಿ ಮಾರನೆಯ ದಿನ ನೋಡಿದರು. ವರದಿ ಬಂತು: ಯಾರಲ್ಲೂ ಕೊಕ್ಕೆಹುಳುವಿನ ಮೊಟ್ಟೆ ಕಂಡುಬಂದಿಲ್ಲ.

ಈ ಸುದ್ದಿ ನನಗಿಂತ ಮೊದಲು ಕೇರಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಉಳನೇ ಇಲ್ಲ ಅಂತ ನಿಮ್ ಕಾಗ್ದನೇ ಹೇಳ್ತದಂತಲ್ಲವ್ವ. ಇಲ್ದೇ ಇರೋ ಉಳುಗ್ ಮಾತ್ರ ಯಾಕ?”

ಹಿಂದಿನಿಂದ ಯಾರೋ, “ಸುಮ್ಕ ನಮ್ ಕೈಲಿ ಡಬ್ಬಿ ಹಿಡಿಸಿದ್ರು” ಎಂದರು. ನಗು ಎದ್ದಿತು. ಆ ಬಸುರಿ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು. ಮನೆಯ ಜಗಲಿಯ ಮೆಟ್ಟಿಲು ಹತ್ತಿದ್ದಕ್ಕೇ ಅವಳಿಗೆ ಏದುಸಿರು ಬಂದಿತ್ತು. ಈ ರಕ್ತದಲ್ಲಿ ಹೆರಿಗೆಯಾದರೆ, ಎಲ್ಲ ಹೆರಿಗೆಗಳಲ್ಲೂ ಹೋಗುವಷ್ಟು ರಕ್ತ ಹೋದರೂ ಅವಳ ಹೃದಯ ತಾಳುವುದು ಅನುಮಾನ. ನಮಗೆ ಉಳಿದಿದ್ದದ್ದು ನಾಲ್ಕು ತಿಂಗಳೂ ಇಲ್ಲ.

ಕೇಂದ್ರಕ್ಕೆ ಮರಳಿ ನಾನೂ ಟೆಕ್ನಿಷಿಯನ್ನೂ ಪರೀಕ್ಷೆಯ ಕೈಪಿಡಿಯನ್ನು ಮೊದಲಿಂದ ಓದಿದೆವು. ಮಲವನ್ನು ಜಾಲರಿಯಲ್ಲಿ ಸೋಸಿ, ತೂತಿನ ಅಚ್ಚಿನಲ್ಲಿ ಅಳತೆ ಮಾಡಿ, ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲ್ಲೋಫೇನ್ ಪಟ್ಟಿಯನ್ನು ಮೇಲೆ ಒತ್ತಬೇಕು. ಗ್ಲಿಸರಿನ್ ಮಲದ ಕಸವನ್ನು ತಿಳಿಗೊಳಿಸುತ್ತದೆ, ಮೊಟ್ಟೆಗಳು ಕಾಣುತ್ತವೆ. ಅದರ ಕೆಳಗೇ ಇನ್ನೊಂದು ಸಾಲಿತ್ತು. ಬೇರೆ ಹುಳುಗಳ ಮೊಟ್ಟೆ ದಿನಗಟ್ಟಲೆ ಉಳಿದರೂ ಕೊಕ್ಕೆಹುಳುವಿನ ಮೊಟ್ಟೆಯ ಸಿಪ್ಪೆ ತೀರ ತೆಳು. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಆಮೇಲೆ ಅದೂ ಕಸದ ಜೊತೆಯೇ ತಿಳಿಯಾಗಿ ಮಾಯ. ಮಾದರಿಯೂ ಹಳೆಯದಾಗಬಾರದು.

“ಅಲ್ಲಿಗೆ ಅವರು ನೋಡೋ ಹೊತ್ತಿಗೆ ಸ್ಲೈಡಲ್ಲಿ ಏನೂ ಉಳಿದಿರಲಿಲ್ಲ ಮೇಡಂ” ಎಂದರು ಟೆಕ್ನಿಷಿಯನ್.

ಇನ್ನೊಂದು ಸಲ ಕಳಿಸಿದರೂ ಅದೇ ಬಸ್ಸು, ಅದೇ ದೂರ. ನಮ್ಮ ಕೇಂದ್ರದಲ್ಲೇ ನೋಡೋಣವೆಂದರೆ, ಕೇರಿಯಿಂದ ಡಬ್ಬಿಗಳೆಲ್ಲ ಬಂದು ಸೇರುವಷ್ಟರಲ್ಲಿ ಮಾದರಿ ಹಳೆಯದಾಗಿರುತ್ತದೆ. ಮಾದರಿ ಮೈಕ್ರೋಸ್ಕೋಪಿನ ಬಳಿಗೆ ಹೋಗುವುದು ಬೇಡ, ಮೈಕ್ರೋಸ್ಕೋಪೇ ಕೇರಿಗೆ ಹೋಗಲಿ ಎಂದು ಅವತ್ತು ತೀರ್ಮಾನ ಮಾಡಿದೆ. ನನ್ನ ಮೇಲಧಿಕಾರಿಗೆ ಹೇಳಿದಾಗ ಅವರು, “ನೆಗೆಟಿವ್ ರಿಪೋರ್ಟ್ ಇದೆಯಲ್ಲಮ್ಮ, ಮತ್ಯಾಕೆ ತಲೆನೋವು?” ಎಂದರು. ಕೈಪಿಡಿಯ ಆ ಸಾಲನ್ನು ಓದಿ ಹೇಳಿದೆ. “ಲೆನ್ಸ್ ಒಡೆದೀತು, ಹುಷಾರು” ಎಂದರು. ಅದನ್ನೇ ಅಪ್ಪಣೆ ಎಂದುಕೊಂಡೆ.

ಕರೆಂಟಿನ ಮೈಕ್ರೋಸ್ಕೋಪು ಕೇರಿಯಲ್ಲಿ ಕೈಕೊಡಬಹುದೆಂದು ಬೀರುವಿನಲ್ಲಿ ಮಲಗಿದ್ದ ಹಳೆಯ ಕನ್ನಡಿ ಮೈಕ್ರೋಸ್ಕೋಪನ್ನು ತೆಗೆದೆವು. ಕೆಳಗಿನ ಕನ್ನಡಿಯನ್ನು ಬೆಳಕಿನತ್ತ ತಿರುಗಿಸಿದರೆ ಸಾಕು, ಕರೆಂಟು ಬೇಡ. ಟೆಕ್ನಿಷಿಯನ್ ಲೆನ್ಸಿನ ಬೂಷ್ಟು ಒರೆಸುತ್ತ ಇಡೀ ಒಂದು ಸಿನಿಮಾದ ಹಾಡುಗಳನ್ನು ಮುಗಿಸಿದರು.

ಜಾಗದ್ದೇ ತಾಪತ್ರಯವಾಯಿತು. ಅಂಗನವಾಡಿ ಕಾರ್ಯಕರ್ತೆ, “ಮಕ್ಳು ಉಣ್ಣೋ ಜಾಗ ಮೇಡಂ, ಬ್ಯಾಡಿ” ಎಂದರು. ಹಾಲಿನ ಡೈರಿಯವರಂತೂ ನಮ್ಮ ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡರು. ಕೊನೆಗೆ ಚೆಂಡುಹೂವು ತೂಗುವ ತಗಡಿನ ಶೆಡ್ಡು ಸಿಕ್ಕಿತು. ಹೂವು ಬಂದು ಬೀಳುವುದು ಮಧ್ಯಾಹ್ನ, ಬೆಳಿಗ್ಗೆ ಖಾಲಿ. ಶೆಡ್ಡಿನ ಮಾಲೀಕರ ಷರತ್ತು ಒಂದೇ, “ನನ್ ತಕ್ಕಡಿ ಮುಟ್ಬ್ಯಾಡಿ.”

ಮೋಡವಿಲ್ಲದ ಬೆಳಿಗ್ಗೆಯೊಂದನ್ನು ನೋಡಿಕೊಂಡು ಹೋದೆವು. ಎರಡೂ ಕಡೆ ಹೊಲಗಳು ಹಳದಿ, ಕೇಸರಿ. ಶೆಡ್ಡಿನ ಬಾಗಿಲಲ್ಲಿ ಮೇಜು ಹಾಕಿ, ಕನ್ನಡಿಯನ್ನು ನೇರ ಬಿಸಿಲಿಗೆ ಹಿಡಿಯದೆ ಆಕಾಶದ ಬೆಳಕಿಗೆ ತಿರುಗಿಸಿ ಕುಳಿತೆವು. ಜನ ಬರುವರೋ ಇಲ್ಲವೋ ಎಂಬ ಅಳುಕಿತ್ತು. ಬಂದರು. ಹಿಂದಿನ ಸಲ ಬೇಸರಗೊಂಡವರೂ, ತಮ್ಮದನ್ನು ಡಾಕ್ಟರು ಕಣ್ಣಾರೆ ನೋಡುತ್ತಾರಂತೆ ಎಂಬ ಕುತೂಹಲಕ್ಕೆ ಬಂದರು. ಡಬ್ಬಿ ಹಿಡಿದವರ ಸಾಲು ರಸ್ತೆಯವರೆಗೂ ಬೆಳೆಯಿತು.

ಅದೇ ಹೊತ್ತಿಗೆ ಹೂವಿನ ಹೊಲದಲ್ಲಿ ಫೋಟೋ ತೆಗೆದುಕೊಳ್ಳಲು ಬಂದಿದ್ದ ಕೇರಳದ ಕಾರೊಂದು ಸಾಲು ಕಂಡು ನಿಂತಿತು. ಒಬ್ಬ ಹುಡುಗ ಇಳಿದು, “ಚೇಟ್ಟಾ, ಅಣ್ಣಾ, ಇಲ್ಲಿ ಏನು ಸಿಗುತ್ತೆ?” ಎಂದು ಸಾಲಿನಲ್ಲಿದ್ದ ನಮ್ಮ ಡೀಸೆಲ್ ಗಾಡಿಯನ್ನು ಕೇಳಿದ.

“ನಿಮ್ಮೂರ್ ಹಲ್ವಾ ಅಲ್ಲ ಕಣಪ್ಪೋ. ಓಗು, ಊವಿನ ಫೋಟೋ ತಕ್ಕೋ ಓಗು.”

ಸಾಲಿಗೆ ಸಾಲೇ ನಕ್ಕಿತು. ಹಾಗೆ ಹೇಳಿದವನೂ ಕೆಮ್ಮುವಷ್ಟು ನಕ್ಕು ನೆಲದ ಮೇಲೆ ಕುಳಿತುಬಿಟ್ಟ.

ಮೊದಲ ಸ್ಲೈಡು ಅವನದೇ ಮಾಡಿದೆವು. ಸೋಸುವುದು, ಅಳೆಯುವುದು, ಒತ್ತುವುದು, ತಿಳಿಯಾಗಲು ಸ್ವಲ್ಪ ಹೊತ್ತು ಬಿಡುವುದು. ಟೆಕ್ನಿಷಿಯನ್ ಕಣ್ಣಿಟ್ಟರು. ಸ್ಲೈಡನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಸರಿಸಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಕೈ ನಿಂತಿತು. ತಲೆ ಎತ್ತದೆಯೇ, “ಬನ್ನಿ ಮೇಡಂ” ಎಂದರು.

ಕಸದ ನಡುವೆ ಗಾಜಿನಂಥ ತೆಳ್ಳನೆಯ ಅಂಡಾಕಾರ, ಅದರೊಳಗೆ ಒತ್ತಿಕೊಂಡು ಕುಳಿತ ನಾಲ್ಕು ಬೂದು ಉಂಡೆ. ಪಕ್ಕದಲ್ಲಿ ಇನ್ನೊಂದು. ಸ್ಲೈಡು ಸರಿಸಿದರೆ ಇನ್ನೂ ಮೂರು. ಪರೀಕ್ಷೆಯ ಪುಸ್ತಕದಲ್ಲಿ ಬಿಟ್ಟರೆ ನಾನು ಅಷ್ಟೊಂದನ್ನು ಒಟ್ಟಿಗೆ ಕಂಡಿರಲಿಲ್ಲ. ಕಾಯಿಲೆಯೊಂದು ಸಿಕ್ಕಿದ್ದಕ್ಕೆ ಅಷ್ಟು ಖುಷಿಪಡುವುದು ಸರಿಯೋ ತಪ್ಪೋ. ನಾವಿಬ್ಬರೂ ಮಾತ್ರ ಕೈಕುಲುಕಿದೆವು, ಗ್ಲೌಸು ಹಾಕಿಕೊಂಡೇ.

ಅವನ ಹೆಂಡತಿಯದರಲ್ಲೂ ಇತ್ತು. ಅತ್ತೆಯದರಲ್ಲೂ. ಡಬ್ಬಿ ತುಂಬಿ ತಂದಿದ್ದ ಯಜಮಾನರದರಲ್ಲಿ ಮಾತ್ರ ಒಂದೂ ಇರಲಿಲ್ಲ. “ಅಷ್ಟು ತಂದ್ರೂ ಇಲ್ವಾ?” ಎಂದು ಅವರು ಬೇಸರಪಟ್ಟುಕೊಂಡರು.

“ನೀವೂ ಬಂದು ನೋಡಿ ಅಜ್ಜಿ” ಎಂದು ಅತ್ತೆಯನ್ನು ಕರೆದೆ. ಆಕೆ ಕನ್ನಡಕ ತೆಗೆದು, ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಕಣ್ಣು ಮುಚ್ಚಿ ಬಗ್ಗಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ತಮ್ಮದೇ ರೆಪ್ಪೆಗೂದಲು ಕಂಡಿತು. ಟೆಕ್ನಿಷಿಯನ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು.

“ಗಾಜಿನ ಮೊಟ್ಟ ಒಳಗ ಮುದ್ದ ಕಟ್ಟಿಟ್ಟಂಗದ” ಎಂದರು ಅಜ್ಜಿ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಇದು ನನ್ ಮಗನ್ದಾ?”

“ಅವನ ಹೊಟ್ಟೆಯಲ್ಲಿರೋ ಹುಳು ಇಟ್ಟಿರೋ ಮೊಟ್ಟೆ. ನಿಮ್ಮ ಸೊಸೆಯ ಹೊಟ್ಟೆಯಲ್ಲೂ ಇವೆ. ಕೂಸಿಗೆ ಹೋಗಬೇಕಾದ ರಕ್ತ ಅವು ಕುಡೀತಿವೆ.”

ಆಕೆ ನೆಟ್ಟಗೆ ನಿಂತು ಮಗನ ಕಡೆ ತಿರುಗಿದರು. “ಇಷ್ಟ್ ದಿನ ನಿನ್ನ ಸೋಂಬೇರಿ ಅಂತ ಬಯ್ತಿದ್ದೋ ಕಣ್ಲಾ.” ಸೊಸೆಯ ಕಡೆ ತಿರುಗಿ, “ನಡಿಯವ್ವ ಮನ್ಗ ಓಗನ. ಮಾತ್ರ ಸೂರ್ನಲ್ಲೇ ಅದ.” ಸೂರಿನ ಮಾತ್ರೆ ಬೇಡ, ಹೊಸದು ಕೊಡುತ್ತೇನೆ ಎಂದು ನಾನು ಹಿಂದೆಯೇ ಓಡಬೇಕಾಯಿತು.

ಮಾತ್ರೆ ಕೊಟ್ಟಲ್ಲಿಗೆ ಎಲ್ಲವೂ ಸರಿಹೋಗಲಿಲ್ಲ. ಗಂಡನಿಗೆ ಹುಳುಗಳ ಹೊರೆ ಹೆಚ್ಚಿದ್ದುದರಿಂದ ಮೂರು ದಿನ ಆಲ್ಬೆಂಡಜೋಲ್ ಕೊಟ್ಟೆವು. ಸೋರಿಕೆ ನಿಂತ ಮೇಲೆ ಕಣಜ ತುಂಬಬೇಕು. ಅವನಿಗೆ ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದಾಗ, “ದಿನಾ ನುಂಗುದ್ರ ಬ್ಯಾಗ ಆಗಲ್ವಾ?” ಎಂದ. ಒಂದು ಮಾತ್ರೆ ನುಂಗಿದ ಮೇಲೆ ಅದೇ ಹೆಪ್ಸಿಡಿನ್ ಏರಿ ಮಾರನೆಯ ದಿನ ಕರುಳಿನ ಬಾಗಿಲು ಅರ್ಧ ಮುಚ್ಚಿರುತ್ತದೆ. ಒಂದು ದಿನ ಬಿಟ್ಟರೆ ತೆರೆಯುತ್ತದೆ ಎಂದು ವಿವರಿಸಿದೆ. ಮಾತ್ರೆಯನ್ನು ಟೀ ಜೊತೆ ಬೇಡ, ನಿಂಬೆಹಣ್ಣಿನ ನೀರಿನ ಜೊತೆ ಎಂದೆ. ಲೋಡಿಂಗ್ ಆಳಿಗೆ ಬೆಳಗಿನ ಟೀ ಬಿಡಿಸುವುದು ಹುಳು ಬಿಡಿಸುವುದಕ್ಕಿಂತ ಕಷ್ಟ. ಕೊನೆಗೆ ಮಾತ್ರೆಯನ್ನು ಸಂಜೆಗೆ ಸರಿಸಿ ರಾಜಿಯಾದೆವು.

ಹೆಂಡತಿಯ ವಿಷಯದಲ್ಲಿ ಅಷ್ಟು ಕಾಯುವಂತಿರಲಿಲ್ಲ. ಹುಳು ಹೋದರೂ ತಿಂಗಳ ಕೊನೆಗೆ ಹಿಮೋಗ್ಲೋಬಿನ್ ತುಸುವೇ ಏರಿತ್ತು. ಬಾಯಿಂದ ಹೋಗುವ ಕಬ್ಬಿಣ ಹೆರಿಗೆಯೊಳಗೆ ಸಾಲದೆಂದು ಗುಂಡ್ಲುಪೇಟೆಯ ಆಸ್ಪತ್ರೆಗೆ ಕಳಿಸಿ ನರದ ಮೂಲಕ ಕಬ್ಬಿಣದ ಡ್ರಿಪ್ ಹಾಕಿಸಿದೆ. ಟೀ ಡಿಕಾಕ್ಷನ್ ಬಣ್ಣದ ಆ ಬಾಟಲಿಯನ್ನು ನೋಡಿ ಅಜ್ಜಿ, “ಟೀ ಕುಡೀಬ್ಯಾಡಿ ಅಂದ್ಬುಟ್ಟು ಇವ್ರೇ ನರಕ್ಕ ಟೀ ಬುಡ್ತಾವ್ರ” ಎಂದು ವಾರ್ಡಿಗೆಲ್ಲ ಕೇಳುವಂತೆ ಅಂದರಂತೆ. ಆದರೂ ಪ್ರತಿ ಸಲವೂ ಸೊಸೆಯ ಜೊತೆ ಬಸ್ಸು ಹತ್ತಿದರು.

ಇನ್ನೊಂದು ದೊಡ್ಡ ಕೆಲಸ ಮಣ್ಣಿನದು. ಕೇರಿಯವರು ಬಯಲಿಗೆ ಹೋಗುತ್ತಿದ್ದದ್ದು ಬಾಳೆತೋಟದ ಹಿಂದಿನ ನೆರಳಿಗೆ. ಹೂ ಕಿತ್ತು ದಣಿದವರು ಬರಿಗಾಲಲ್ಲಿ ಬಂದು ಕೂರುತ್ತಿದ್ದದ್ದೂ ಅದೇ ನೆರಳಿಗೆ. ಒದ್ದೆ ಮಣ್ಣಿನಲ್ಲಿ ಮೊಟ್ಟೆ ಒಡೆದು ಮರಿಗಳು ಕಾಲಿಗಾಗಿ ಕಾದಿರುತ್ತಿದ್ದವು. ಚಪ್ಪಲಿ ಹಾಕಿ ಎಂದರೆ ಕೆಸರು ಅದನ್ನು ಕಚ್ಚಿಕೊಂಡು ಬಿಡುವುದಿಲ್ಲ. ಗಂಬೂಟು ಕೊಡಿಸಿ ನೋಡಿದೆವು; ಒಬ್ಬಳು ಹೆಜ್ಜೆಗೊಮ್ಮೆ ಗಂಬೂಟು ಹೊಲದಲ್ಲೇ ಬಿಟ್ಟು ಕಾಲು ಮಾತ್ರ ಮುಂದಿಟ್ಟಳು. ಮನೆಗಳಲ್ಲಿ ಶೌಚಾಲಯಗಳೇನೋ ಇದ್ದವು. ಒಂದರಲ್ಲಿ ಸೌದೆ, ಒಂದರಲ್ಲಿ ಈರುಳ್ಳಿ, ಒಂದರಲ್ಲಿ ಮರಿ ಹಾಕಿದ ಮೇಕೆ.

ಇಲ್ಲಿ ನನ್ನ ಭಾಷಣಗಳು ಏನೂ ಮಾಡಲಿಲ್ಲ. ಮಾಡಿದವರು ಅಜ್ಜಿ. ತಮ್ಮ ಮನೆಯ ಶೌಚಾಲಯದಿಂದ ಸೌದೆ ಎಸೆದು, ತೊಳೆದು, ಬೆಳಗಾಗುತ್ತಲೇ ಕೇರಿಯ ತುದಿಯಲ್ಲಿ ಕುಕ್ಕುರುಗಾಲಲ್ಲಿ ಕುಳಿತುಬಿಡುತ್ತಿದ್ದರು. ಚೊಂಬು ಹಿಡಿದು ತೋಟದ ಕಡೆ ಹೊರಟವರಿಗೆ ಬಿಡುಗಡೆಯೇ ಇಲ್ಲ.

“ಎಲ್ಲಿಗ್ಲಾ ಚೊಂಬು ತಕ್ಕಂಡು ಒಂಟೀಯ? ಅಲ್ಲಿ ನನ್ ಸೊಸ ಕುಂತ್ಕತಾಳ. ನಿಮ್ಮನೇಲಿ ಕಟ್ಸಿರೋದು ಮ್ಯಾಕ ಬಾಣಂತನಕ್ಕಾ?”

ಹಾಗೆ ಕೂಗಿಸಿಕೊಂಡ ಮೇಲೆ ಯಾವ ಗಂಡಸು ತಾನೇ ಮುಂದೆ ಹೋದಾನು! ಮೇಕೆಗೆ ಬೇರೆ ಚಪ್ಪರವಾಯಿತು. ಈರುಳ್ಳಿ ಅಟ್ಟ ಸೇರಿತು. ಹೂವಿನ ಹೊಲದ ಮಾಲೀಕರನ್ನು ಹೆಂಗಸರೇ ಸುತ್ತುವರಿದು, ಹೊಲದ ಅಂಚಿನಲ್ಲೊಂದು ತಗಡಿನ ಶೌಚಾಲಯ ಮಾಡಿಸಿಕೊಂಡರು.

ಹೂವಿನ ಕಾಲ ಮುಗಿಯುತ್ತ ಬಂದಾಗ ಮತ್ತೆ ಶೆಡ್ಡಿನಲ್ಲಿ ಕುಳಿತೆವು. ಗಂಡನ ಸ್ಲೈಡನ್ನು ಟೆಕ್ನಿಷಿಯನ್ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಹುಡುಕಿದರು. ಇಲ್ಲ. ಹಿಮೋಗ್ಲೋಬಿನ್ ಹನ್ನೊಂದು ಮುಟ್ಟಿತ್ತು. ಅವನ ಹೆಂಡತಿಯದು ಹತ್ತೂವರೆ ದಾಟಿ ಏರುತ್ತಲೇ ಇತ್ತು. ಕೆಲವರಲ್ಲಿ ಇನ್ನೂ ಮೊಟ್ಟೆಗಳಿದ್ದವು. ಅವರಿಗೆ ಮತ್ತೆ ಔಷಧಿ ಕೊಟ್ಟೆವು. ಈ ಕೆಲಸ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ.

ಅವಳಿಗೆ ಹೆರಿಗೆ ನೋವು ಬಂದದ್ದು ಒಂದು ಬೆಳಿಗ್ಗೆ. ಆಂಬುಲೆನ್ಸ್ ಚಾಮರಾಜನಗರ ತಲುಪುವಷ್ಟರಲ್ಲಿ ನಾನೂ ಸ್ಕೂಟರಿನಲ್ಲಿ ಹೋಗಿದ್ದೆ. ಹಿಂದಿನ ವರದಿಗಳನ್ನು ನೋಡಿದ ಅಲ್ಲಿನ ವೈದ್ಯರು ಮುನ್ನೆಚ್ಚರಿಕೆಗೆ ಒಂದು ಬಾಟಲಿ ರಕ್ತ ಹೊಂದಿಸಿ ಇಡಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ದುಂಡಗೆ, ದೊಡ್ಡ ದನಿಯೊಂದಿಗೆ. ರಕ್ತಸ್ರಾವ ಸಾಮಾನ್ಯವಾಗಿಯೇ ಇತ್ತು. ತಾಯಿ ಎದ್ದು ಕುಳಿತು ಗಂಜಿ ಕೇಳಿದಳು. ಬಾಟಲಿ ಬೇಕಾಗಲಿಲ್ಲ.

ಸಂಜೆ ಪುಣಜನೂರಿನ ಕಡೆಯಿಂದ ಇನ್ನೊಬ್ಬ ಹೆಣ್ಣುಮಗಳನ್ನು ಕರೆತಂದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಕಷ್ಟದಲ್ಲಿದ್ದಳು. ಅವಳ ಗುಂಪೂ ಅದೇ. ಪರೀಕ್ಷೆ ಮಾಡಿ ನೋಡಿದರು, ಹೊಂದಿತು. ಇಲ್ಲಿ ಬೇಕಾಗದೆ ಉಳಿದ ಬಾಟಲಿ ಅಲ್ಲಿಗೆ ಹೋಯಿತು. ಕಾರಿಡಾರಿನಲ್ಲಿ ಕೂಸಿನ ಬಟ್ಟೆ ಮಡಿಸುತ್ತ ನಿಂತಿದ್ದ ನಮ್ಮ ಲೋಡಿಂಗ್ ಆಳು ಅದನ್ನೆಲ್ಲ ನೋಡುತ್ತಿದ್ದ. ಆ ಹೆಣ್ಣುಮಗಳು ಕಣ್ಣು ಬಿಟ್ಟಳೆಂದು ಗೊತ್ತಾದ ಮೇಲೆ ನನ್ನ ಬಳಿ ಬಂದು, “ಮೇಡಂ, ನಂದೂ ತಕ್ಕಂಡಾರಾ?” ಎಂದು ಕೇಳಿದ.

“ಈಗ ಬೇಡಪ್ಪ. ನಿನ್ನ ಕಣಜ ಇನ್ನೂ ತುಂಬಿಲ್ಲ. ಬರೋ ವರ್ಷ ನೋಡೋಣ.”

ಅವನು ಮರೆತಾನು ಎಂದುಕೊಂಡಿದ್ದೆ. ಮುಂದಿನ ವರ್ಷ ನಮ್ಮ ಕೇಂದ್ರದಲ್ಲಿ ರಕ್ತದಾನ ಶಿಬಿರ ನಡೆದಾಗ ಮೊದಲ ಸಾಲಿನಲ್ಲಿ ನಿಂತಿದ್ದ. ಟೆಕ್ನಿಷಿಯನ್ ಬೆರಳು ಚುಚ್ಚಿ ನೋಡಿ, ನನ್ನ ಕಡೆ ತಿರುಗಿ ಹದಿನಾಲ್ಕು ಎಂದು ಕೈಬೆರಳಲ್ಲಿ ತೋರಿಸಿ, ಗಟ್ಟಿಯಾಗಿಯೇ ಹಾಡು ಶುರುಮಾಡಿದರು. ಅವನು ಮಂಚದ ಮೇಲೆ ಮಲಗಿ ಮುಷ್ಟಿ ಬಿಗಿದು ಬಿಡತೊಡಗಿದ. ಹೆಂಡತಿ ಕಾಲ ಬಳಿ ಕೂಸನ್ನು ಎತ್ತಿಕೊಂಡು ನಗುತ್ತ ನಿಂತಿದ್ದಳು.

ಅಜ್ಜಿ ಮಾತ್ರ ಮಂಚದ ಪಕ್ಕದಿಂದ ಕದಲಲಿಲ್ಲ. ಕಣ್ಣೆಲ್ಲ ತುಂಬುತ್ತಿದ್ದ ಚೀಲದ ಮೇಲೆ. ಅದು ಅರ್ಧ ದಾಟುತ್ತಲೇ ಆಕೆಗೆ ತಡೆಯಲಾಗಲಿಲ್ಲ.

“ಸಾಕು ಬುಡ್ರಪ್ಪೋ, ಎಲ್ಲಾನೂ ತಕ್ಕಂಬುಟ್ಟೀರಿ! ಈ ರಕ್ತ ಮಾಡಾಕ ನಾನು ಕೇರಿ ಗಂಡಸ್ರನ್ನೆಲ್ಲ ಒಂದು ವರ್ಷ ಬಯ್ದಿವ್ನಿ.”